ಮಿಶ್ರ ವಿವಾಹದ ಮನೆಯಲ್ಲಿ ಮಗುವಿನ ಜ್ಞಾನಸ್ನಾನ

(ಶತಮಾನೋತ್ಸವದ ಕುಟುಂಬ ದಿನದಂದು ಯುವ ದಂಪತಿಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದಲ್ಲಿ, ಹಿರಿಯರಾದ ನಿಮ್ಮೆದುರು ನಿಂತು ಕುಟುಂಬ ಜೀವನದ ಕುರಿತು ಮಾತನಾಡಲು ನಮಗೆ ಸಂಕೋಚವಾಗುತ್ತಿದೆ. ನಮ್ಮಿಬ್ಬರಲ್ಲಿ ಗಂಡ ಇದೇ ಧರ್ಮಕೇಂದ್ರದಲ್ಲಿ ಹುಟ್ಟಿ ಬೆಳೆದವನು. ಹೆಂಡತಿ ಬಾಸೆಲ್ ಮಿಷನ್ ಪರಂಪರೆಯ, ಈಗ ದಕ್ಷಿಣ ಭಾರತ ಸಭೆಗೆ ಸೇರಿದ ಮನೆತನದವಳು. ನಮಗೆ ಹೆಣ್ಣು ಮಗು ಹುಟ್ಟಿ ಏಳು ತಿಂಗಳಾಯಿತು. ಆ ಮಗುವನ್ನು ಯಾವ ಸಭೆಯ ಮಡಿಲಲ್ಲಿ ಬೆಳೆಸಬೇಕೆಂದು ನಿರ್ಧರಿಸಲು ಪಟ್ಟ ಪಾಡನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ.

ಭೇದ ಮೊದಲು ಕಾಣಿಸಿಕೊಂಡದ್ದು ಮಾತಿನಲ್ಲಿ. ನಮ್ಮ ಹಿರಿಯರು ಜ್ಞಾನಸ್ನಾನವೆನ್ನುವುದನ್ನು ಆ ಮನೆಯಲ್ಲಿ ದೀಕ್ಷಾಸ್ನಾನವೆನ್ನುತ್ತಾರೆ. ಇಲ್ಲಿ ಗುರುಗಳು, ಅಲ್ಲಿ ಸಭಾಪಾಲಕರು. ಇಲ್ಲಿ ಸಂಜೆ ಜಪಸರ. ಅಲ್ಲಿ ಸಂಜೆ ವೇದಪಾಠ ಮತ್ತು ಕೀರ್ತನೆ. ಬಾಸೆಲಿನ ಮಿಷನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅಂದಿನಿಂದ ನಾವು ಒಂದೇ ಬೀದಿಯ ನೆರೆಹೊರೆಯವರಾಗಿ ಬಾಳಿದ್ದೇವೆ, ಕ್ರಿಸ್ಮಸ್ಸಿನಲ್ಲಿ ತಿಂಡಿಯ ತಟ್ಟೆ ಬೇಲಿ ದಾಟಿದೆ. ಮದುವೆ ಮಾತ್ರ ಸುಲಭವಾಗಿ ದಾಟಲಿಲ್ಲ.

ಅದಕ್ಕೆ ಕಾರಣವೂ ಉಂಟು. 1917ರ ಧರ್ಮಸಭಾ ಶಾಸನದ ಪ್ರಕಾರ, ಹುಟ್ಟುವ ಮಕ್ಕಳೆಲ್ಲರೂ ಕಥೋಲಿಕರಾಗಿಯೇ ಬೆಳೆಯುವರೆಂದು ವಧೂವರರಿಬ್ಬರೂ ಮಾತು ಕೊಡಬೇಕಿತ್ತು, ಸಾಮಾನ್ಯವಾಗಿ ಲಿಖಿತ ರೂಪದಲ್ಲಿಯೇ. ಹಾಗೆ ಕೊಡಿಸಿದ ಮಾತು ಎಂತಹ ಕಹಿಯನ್ನು ತರಬಲ್ಲದೆಂಬುದಕ್ಕೆ ಐರ್ಲೆಂಡಿನ ಒಂದು ಹಳ್ಳಿಯ ವೃತ್ತಾಂತ ಸಾಕು. ವೆಕ್ಸ್‌ಫರ್ಡ್ ಪ್ರಾಂತದ ಫೆದರ್ಡ್-ಆನ್-ಸೀ ಎಂಬಲ್ಲಿ ಷಾನ್ ಕ್ಲೋನಿ ಕಥೋಲಿಕ ರೈತ, ಪತ್ನಿ ಶೀಲಾ ಪ್ರೊಟೆಸ್ಟಂಟ್. 1957ರಲ್ಲಿ ಹಿರಿಯ ಮಗಳನ್ನು ಕಥೋಲಿಕ ಶಾಲೆಗೇ ಸೇರಿಸಬೇಕೆಂಬ ಒತ್ತಡ ಬಂದಾಗ, ಆ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಊರನ್ನೇ ಬಿಟ್ಟು ಹೋದಳು. ಕಥೋಲಿಕರು ಅಲ್ಲಿಯ ಪ್ರೊಟೆಸ್ಟಂಟರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ನಿನ್ನೆಯವರೆಗೆ ಸಕ್ಕರೆ ಕೊಂಡ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆದರು. ಪ್ರಧಾನಿ ಡಿ ವಲೇರಾ ಪಾರ್ಲಿಮೆಂಟಿನಲ್ಲಿಯೇ ಇದನ್ನು ಖಂಡಿಸಿದರು. ದಂಪತಿಗಳು ಮತ್ತೆ ಒಂದಾದರು, ಆದರೆ ಮಕ್ಕಳನ್ನು ಆ ಶಾಲೆಗೂ ಈ ಶಾಲೆಗೂ ಕಳಿಸದೆ ಮನೆಯಲ್ಲಿಯೇ ಓದಿಸಿದರು. ಅಲ್ಲಿಯ ಧರ್ಮಾಧ್ಯಕ್ಷರು ಬಹಿರಂಗವಾಗಿ ಕ್ಷಮೆ ಕೇಳಿದ್ದು 1998ರಲ್ಲಿ. ನಡುವೆ ನಾಲ್ವತ್ತು ವರ್ಷಗಳು ಸಂದಿದ್ದವು.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, 1970ರಲ್ಲಿ ಜಗದ್ಗುರು ಆರನೆಯ ಪೌಲರು ಈ ನಿಯಮವನ್ನು ಸಡಿಲಿಸಿದರು. 1983ರ ಶಾಸನವೂ ಅದನ್ನೇ ಎತ್ತಿಹಿಡಿಯಿತು. ಈಗ ಮಾತು ಕೊಡುವವರು ಕಥೋಲಿಕ ಪಕ್ಷದವರು ಮಾತ್ರ. ಮಕ್ಕಳ ಜ್ಞಾನಸ್ನಾನವೂ ಶಿಕ್ಷಣವೂ ಕಥೋಲಿಕ ಧರ್ಮಸಭೆಯಲ್ಲಿ ಆಗುವಂತೆ ತಮ್ಮಿಂದಾದುದೆಲ್ಲವನ್ನೂ ಮಾಡುವುದಾಗಿ ಅವರು ಹೇಳಬೇಕು. ಇನ್ನೊಬ್ಬರಿಂದ ಮಾತು ಕೇಳುವುದಿಲ್ಲ, ಆದರೆ ಈ ವಿಷಯವನ್ನು ಅವರಿಗೆ ಮೊದಲೇ ತಿಳಿಸಿರಬೇಕು.

ಆ ತಿಳಿಸುವಿಕೆಯಲ್ಲಿಯೇ ನಾವು ಎಡವಿದೆವು. ಮದುವೆಗೆ ಮುನ್ನ ಗುರುಗಳ ಕೋಣೆಯಲ್ಲಿ ಕಾಗದ ಓದಿದರು, ಗಂಡ ಸಹಿ ಹಾಕಿದ, ಹೆಂಡತಿ ತಲೆಯಾಡಿಸಿದಳು. ಮಂಟಪ, ಸೀರೆ, ಊಟದ ಗಲಾಟೆಯಲ್ಲಿ ಇನ್ನೂ ಹುಟ್ಟದ ಮಗುವಿನ ಚಿಂತೆ ಯಾರಿಗಿತ್ತು? ಮಗು ತೊಟ್ಟಿಲಿಗೆ ಬಂದ ಮೇಲೆ ಎರಡು ಕಡೆಯ ಬಂಧುಗಳೂ ಬಂದರು, ಎಲ್ಲರ ಕೈಯಲ್ಲಿಯೂ ಒಂದೊಂದು ಸಲಹೆ.

ಮಗು ದೊಡ್ಡವಳಾಗಲಿ, ತಾನೇ ಆರಿಸಿಕೊಳ್ಳಲಿ ಎಂದರು ಕೆಲವರು. ಉದಾರವಾದ ಮಾತು; ನಮಗೂ ಕೆಲವು ದಿನ ಹಿಡಿಸಿತ್ತು. ಆದರೆ ಮಗುವಿಗೆ ಯಾವ ಭಾಷೆಯನ್ನೂ ಕಲಿಸದೆ, ದೊಡ್ಡವಳಾದ ಮೇಲೆ ಬೇಕಾದುದನ್ನು ಮಾತನಾಡಲಿ ಎಂದು ನಾವು ಸುಮ್ಮನಿರುವುದುಂಟೇ? ಎರಡು ಕಡೆಯೂ ಸ್ನಾನ ಮಾಡಿಸಿಬಿಡಿ ಎಂದವರೂ ಇದ್ದರು. ಇದನ್ನು ಗುರುಗಳೂ ಒಪ್ಪಲಿಲ್ಲ, ಸಭಾಪಾಲಕರೂ ಒಪ್ಪಲಿಲ್ಲ. ನೀರಿನಿಂದ, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ ಒಮ್ಮೆ ಆದ ಸ್ನಾನವನ್ನು ಮತ್ತೆ ಮಾಡುವಂತಿಲ್ಲ; ಹೆಂಡತಿ ಶೈಶವದಲ್ಲಿ ಪಡೆದ ದೀಕ್ಷಾಸ್ನಾನವನ್ನೂ ನಮ್ಮ ಧರ್ಮಸಭೆ ಹಾಗೆಯೇ ಮನ್ನಿಸುತ್ತದೆ. ಇಬ್ಬರೂ ಒಂದೇ ಉತ್ತರ ಕೊಟ್ಟ ಆ ದಿನ ನಮಗೆ ನಗುವೂ ಬಂತು, ಧೈರ್ಯವೂ ಬಂತು. ಗಂಡುಮಕ್ಕಳು ತಂದೆಯ ಸಭೆಗೆ, ಹೆಣ್ಣುಮಕ್ಕಳು ತಾಯಿಯ ಸಭೆಗೆ ಎಂಬ ಹಂಚಿಕೆ ಹಿಂದೆ ಯೂರೋಪಿನ ಕೆಲವು ಕಡೆ ರೂಢಿಯಲ್ಲಿತ್ತಂತೆ. ಅಣ್ಣತಂಗಿಯರನ್ನು ಭಾನುವಾರದ ಬೆಳಿಗ್ಗೆ ಎರಡು ದಾರಿಗೆ ಬಿಡುವ ಈ ಏರ್ಪಾಟು ನಮಗಂತೂ ಸರಿಕಾಣಲಿಲ್ಲ.

ಕಡೆಗೆ ಇಬ್ಬರೂ ಕೂಡಿ ತೀರ್ಮಾನಿಸಿದ್ದು ಹೀಗೆ: ಜ್ಞಾನಸ್ನಾನ ಇಲ್ಲಿ, ಧರ್ಮೋಪದೇಶವೂ ಇಲ್ಲಿ. ಗಂಡ ಕೊಟ್ಟ ಮಾತು ಇದಕ್ಕೆ ಒಂದು ಕಾರಣವಾದರೆ, ಮನೆ ಈ ದೇವಾಲಯದ ಮಗ್ಗುಲಲ್ಲಿಯೇ ಇರುವುದು ಇನ್ನೊಂದು. ಹೆಂಡತಿ ಒಪ್ಪಿದಳು. ಒಪ್ಪಿದ ರಾತ್ರಿ ಅತ್ತಳು ಎಂಬುದನ್ನೂ ಹೇಳಬೇಕು. ಅವಳ ತಾಯಿ, "ನಾನು ಕಲಿಸಿದ ಕೀರ್ತನೆಯನ್ನು ನಿನ್ನ ಮಗಳಿಗೆ ಹಾಡುವ ಹಾಗಿದೆಯೇ, ಅದಕ್ಕೂ ಯಾರದಾದರೂ ಅಪ್ಪಣೆ ಬೇಕೇ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ನಾವು ಕೂಡಲೇ ಉತ್ತರ ಕೊಡಲಿಲ್ಲ, ಕೊಡಬೇಕಾಗಿತ್ತು. ತಾಯಿಯ ಸಭೆಯನ್ನು ಮಗುವಿನ ಮುಂದೆ ಹಳಿಯುವ ಮಾತು ಈ ಮನೆಯಲ್ಲಿ ಏಳಬಾರದೆಂದೂ ರಾತ್ರಿಯ ಕೀರ್ತನೆ ಅಜ್ಜಿಯದೇ ಎಂದೂ ಈಗ ನಿಶ್ಚಯವಾಗಿದೆ.

ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ಈ ಧರ್ಮಕೇಂದ್ರದ ಬಂಧುವೊಬ್ಬರು ನಿಂತರು. ಶಾಸನದಂತೆ ಆ ಸ್ಥಾನ ಕಥೋಲಿಕರಿಗೇ ಮೀಸಲು. ಆದರೆ ಅವರ ಜೊತೆಯಲ್ಲಿ ಬೇರೆ ಸಭೆಯ ದೀಕ್ಷಿತರೊಬ್ಬರು ಸಾಕ್ಷಿಯಾಗಿ ನಿಲ್ಲಬಹುದು. ಹೆಂಡತಿಯ ಅಣ್ಣ ಹಾಗೆ ನಿಂತ. ಅಜ್ಜಿ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದರು. ಮಗು ನೀರು ಬಿದ್ದೊಡನೆ ಚೀರಿದ ಸದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಒಂದು ನೋವು ಉಳಿದಿದೆ. ಪರಮಪ್ರಸಾದದ ಹೊತ್ತಿಗೆ ಗಂಡ ಎದ್ದು ಹೋಗುತ್ತಾನೆ, ಹೆಂಡತಿ ಮಗುವನ್ನೆತ್ತಿಕೊಂಡು ಬೆಂಚಿನಲ್ಲಿಯೇ ಉಳಿಯುತ್ತಾಳೆ. ಇನ್ನು ಕೆಲವೇ ವರ್ಷಗಳಲ್ಲಿ, ಪ್ರಥಮ ಪರಮಪ್ರಸಾದಕ್ಕೆ ಬಿಳಿಯ ಉಡುಪು ತೊಟ್ಟ ದಿನ, ಅಮ್ಮ ಏಕೆ ಬರುವುದಿಲ್ಲ ಎಂದು ಆ ಮಗು ಕೇಳಿಯೇ ಕೇಳುತ್ತಾಳೆ. ನಮ್ಮ ಹತ್ತಿರ ಇನ್ನೂ ಉತ್ತರವಿಲ್ಲ. ಗುರುಗಳನ್ನೂ ಸಭಾಪಾಲಕರನ್ನೂ ಒಂದು ಸಂಜೆ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೇವೆ. ಇಬ್ಬರೂ ಬರುವೆವೆಂದು ಹೇಳಿದ್ದಾರೆ.