ಬಂಗಾರದ ಮೇಲಿನ ಒಂಟಿ ಪದರ



ಜತ್ತ ತಾಲೂಕಿನ ಹುಡುಗನೊಬ್ಬ ಸಾಂಗಲಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾನೆ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಮಿರಜ ಸ್ಟೇಶನ್ನಿನಲ್ಲಿ ಭೆಟ್ಟಿಯಾದಾಗ ಹೇಳಿದ: "ಸರ್, ಸೆಮಿನಾರಿಗೆ ವಿಷಯ ಕೊಟ್ಟಾರ. ಇಂಗ್ಲಿಷಿನೊಳಗ ಬರೀತೀನಿ, ಮರಾಠಿಯೊಳಗ ಗೆಳೆಯರಿಗೆ ಹೇಳ್ತೀನಿ. ಆದರ ಅವ್ವ 'ಏನು ಓದಾಕತ್ತೀಯೋ ತಮ್ಮಾ' ಅಂದ್ರ ಬಾಯಿ ಕಟ್ಟತೈತಿ." ವಿಷಯ ಯಾವುದಪ್ಪಾ ಎಂದೆ. ಲೋಹದ ಮೇಲೆ ತಾನೇ ಜೋಡಿಸಿಕೊಳ್ಳುವ ಆರೋಮ್ಯಾಟಿಕ್ ಅಣುಗಳ ಒಂಟಿ ಪದರ; ಅದಕ್ಕೆ ಇಲೆಕ್ಟ್ರಾನ್ ಬಡಿದರೆ ಏನಾಗುತ್ತದೆ ಎಂಬುದು. ಇಂದಿನ ಮಾತು ಆ ತಾಯಿಗಾಗಿ. ನೀವೂ ಕೂತು ಕೇಳಿರಿ.

ಬಂಗಾರದಿಂದ ಸುರು ಮಾಡೋಣ. ನಮ್ಮ ಜಿಲ್ಲೆಯ ವಿಟಾ, ಖಾನಾಪುರ, ಆಟಪಾಡಿ ಕಡೆಯ ಗಲಾಯಿ ಕೆಲಸದವರು ದೇಶದ ಊರೂರಿನ ಸರಾಫಕಟ್ಟೆಗಳಲ್ಲಿ ಬಂಗಾರ ಕರಗಿಸಿ ಶುದ್ಧ ಮಾಡುತ್ತಾರೆ. ಅವರನ್ನು ಕೇಳಿದರೆ ಹೇಳಿಯಾರು: ಬೆಳ್ಳಿಗೆ ಗಂಧಕದ ಸೋಂಕು ತಗುಲಿದರೆ ಕರ್ರಗಾಗುತ್ತದೆ, ಬಂಗಾರ ಕಪ್ಪಾಗುವುದಿಲ್ಲ. ಕಪ್ಪಾಗುವುದಿಲ್ಲ ನಿಜ, ಆದರೆ ಗಂಧಕದ ನಂಟು ಬಂಗಾರಕ್ಕೂ ಇದೆ. ತುದಿಯಲ್ಲಿ ಗಂಧಕವಿರುವ ಅಣುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅದರಲ್ಲಿ ಶುದ್ಧ ಬಂಗಾರದ ತಗಡನ್ನು ಅದ್ದಿ ಇಟ್ಟರೆ, ಅಣುಗಳು ಗಂಧಕದ ಕಾಲನ್ನು ಬಂಗಾರಕ್ಕೆ ಊರಿ ಸಾಲಾಗಿ ನಿಲ್ಲುತ್ತವೆ. ಯಾರೂ ನಿಲ್ಲಿಸುವುದಿಲ್ಲ, ತಾವೇ ನಿಲ್ಲುತ್ತವೆ. ಒಂದೇ ಪದರ, ಅದರ ಮೇಲೆ ಎರಡನೆಯದು ಏರುವುದಿಲ್ಲ. ಅಮೇರಿಕೆಯ ನುಝೋ ಮತ್ತು ಅಲಾರಾ ಎಂಬವರು 1983ರಲ್ಲಿ ಬಂಗಾರದ ಮೇಲಿನ ಇಂಥ ಪದರಗಳ ಬಗ್ಗೆ ಬರೆದ ಮೇಲೆ ಈ ಕೆಲಸ ಲೋಕದ ತುಂಬ ಹಬ್ಬಿತು. ಒಂದು ಚದರ ಸೆಂಟಿಮೀಟರಿನಲ್ಲಿ ನಾಲ್ಕೈದು ಕೋಟಿ ಕೋಟಿ ಅಣುಗಳು ನಿಂತಿರುತ್ತವೆ. ಕೋಟಿ ಎರಡು ಸಲ ಅಂದದ್ದು ನಾಲಗೆ ತಪ್ಪಿ ಅಲ್ಲ.

ಈಗ ಆರೋಮ್ಯಾಟಿಕ್ ಎಂದರೇನು? ಆರು ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ಬಳೆಯಂತೆ ನಿಂತಿರುವುದು. 1825ರಲ್ಲಿ ಫ್ಯಾರಡೆ ಬೆಂಝೀನ್ ಕಂಡುಹಿಡಿದರು, 1865ರಲ್ಲಿ ಕೆಕುಲೆ ಅದು ಬಳೆಯ ಆಕಾರದ್ದೆಂದು ಹೇಳಿದರು. ಅಷ್ಟು ದೂರ ಹೋಗುವುದೇಕೆ, ಸಾಂಗಲಿಯ ಅರಿಷಿಣದಲ್ಲೇ ಬಳೆಗಳಿವೆ. ಅರಿಷಿಣದ ಬಣ್ಣವಾದ ಕರ್ಕ್ಯುಮಿನ್‌ನ ಅಣುವಿಗೆ ಎರಡು ತುದಿಗೆ ಎರಡು ಬಳೆ, ನಡುವೆ ಒಂದು ಸರಪಳಿ. ಧೋತರಕ್ಕೆ ಹತ್ತಿದ ಅರಿಷಿಣದ ಕಲೆ ಸಾಬೂನಿಗೆ ಜಗ್ಗದಿದ್ದರೂ ಬಿಸಿಲಿಗೆ ಹಾಕಿದರೆ ಮಾಸುತ್ತದೆ, ತಾಯಂದಿರಿಗೆ ಇದು ಗೊತ್ತು. ಬಿಸಿಲಿಗೆ ಮುರಿಯುವುದು ನಡುವಿನ ಸರಪಳಿ. ಬಳೆಗಳು ಉಳಿದು ವೆನಿಲಿನ್‌ನಂಥ ಬೇರೆ ವಸ್ತುಗಳಾಗುತ್ತವೆ. ಐಸ್‌ಕ್ರೀಮಿಗೆ ವಾಸನೆ ಕೊಡುವ ಅದೇ ವೆನಿಲಿನ್. ಸರಪಳಿ ಮುರಿಯಿತು, ಬಳೆ ಉಳಿಯಿತು. ಇಷ್ಟನ್ನು ನೆನಪಿನಲ್ಲಿಡಿರಿ, ಮುಂದಿನದು ಇದರ ಮೇಲೆಯೇ ನಿಂತಿದೆ.

ಇಲೆಕ್ಟ್ರಾನ್ ನಿಮಗೆ ಹೊಸತಲ್ಲ. ಹಿಂದಿನ ಡಬ್ಬಿ ಟಿ.ವಿ.ಯ ಗಾಜಿನ ಪರದೆಯನ್ನು ಒಳಗಿನಿಂದ ಬಡಿದು ಬೆಳಗಿಸುತ್ತಿದ್ದವು ಇವೇ. ಅಲ್ಲಿ ಅವನ್ನು ದೂಡಲು ಹತ್ತಿಪ್ಪತ್ತು ಸಾವಿರ ವೋಲ್ಟು ಬೇಕಿತ್ತು. ನಮ್ಮ ಪದರಕ್ಕೆ 100 ವೋಲ್ಟಿನ ಆಸುಪಾಸು ಸಾಕು. ಗಾಳಿ ತೆಗೆದ ಪಾತ್ರೆಯಲ್ಲಿ ತಗಡನ್ನಿಟ್ಟು ಇಲೆಕ್ಟ್ರಾನುಗಳನ್ನು ಬಿಡುತ್ತಾರೆ.

ಪದರದ ಅಣುಗಳು ಬರೀ ಸರಪಳಿಯವಾಗಿದ್ದರೆ ಏಟಿಗೆ ಕಡಿಯುತ್ತವೆ. ತುಂಡುಗಳು ಹಾರಿಹೋಗುತ್ತವೆ, ಉಳಿದವು ಅಸ್ತವ್ಯಸ್ತ ಬೀಳುತ್ತವೆ, ಗಂಧಕದ ಕಾಲೂ ಬಂಗಾರದಿಂದ ಕಿತ್ತುಬರುತ್ತದೆ. ಗಾಳಿಮಳೆಗೆ ನೆಲಕಚ್ಚಿದ ಕಬ್ಬಿನ ಹಾಗೆ. ಬಳೆಯ ಅಣುಗಳದ್ದು ಬೇರೆ ಕಥೆ. ಬಳೆಯಲ್ಲಿ ಇಲೆಕ್ಟ್ರಾನುಗಳು ಎಲ್ಲರಿಗೂ ಸೇರಿದ ಆಸ್ತಿ. ಏಟಿನ ಪೆಟ್ಟು ಹಂಚಿಹೋಗಿ ಬಳೆ ಒಡೆಯುವುದಿಲ್ಲ. ಅಂಚಿನ ಜಲಜನಕ ಮಾತ್ರ ಕಳಚಿಹೋಗುತ್ತದೆ. ಆಗ ತೆರವಾದ ಆ ಕೈ ಸುಮ್ಮನಿರದೆ ಪಕ್ಕದ ಬಳೆಯನ್ನು ಹಿಡಿಯುತ್ತದೆ. ಕಬ್ಬು ಬೀಳಬಾರದೆಂದು ಅಕ್ಕಪಕ್ಕದ ಗಣಿಕೆಗಳನ್ನು ರವದಿಯಿಂದಲೇ ಸೇರಿಸಿ ಕಟ್ಟುತ್ತೇವಲ್ಲ, ಹಾಗೆ ಇಡೀ ಪದರ ಒಂದಕ್ಕೊಂದು ಕಟ್ಟಿಕೊಳ್ಳುತ್ತದೆ. ಇಲ್ಲಿಯೂ ಕೆಲವು ಗಂಧಕದ ಕಾಲುಗಳು ಸಡಿಲಾಗುತ್ತವೆ, ಆದರೆ ನೆರೆಯವರು ಹಿಡಿದಿರುವುದರಿಂದ ಅಣು ಹೋಗುವುದಿಲ್ಲ. ಒಂದನ್ನು ಕೆಡಿಸಿದ ಏಟು ಇನ್ನೊಂದನ್ನು ಗಟ್ಟಿ ಮಾಡಿತು! ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗ್ರುನ್ಝೆ, ಗೋಲ್ಜ್‌ಹಾಯ್ಝರ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ತೋರಿಸಿದರು. ಎರಡು ಬಳೆ ಸೇರಿದ ಬೈಫಿನೈಲ್ ಅಣುವನ್ನು ಅವರು ಬಳಸಿದ್ದರು.

ಇದರ ಉಪಯೋಗ? ಇಲೆಕ್ಟ್ರಾನ್ ತಗುಲಿದ ಜಾಗದಲ್ಲಿ ಪದರ ಗಟ್ಟಿ, ತಗುಲದ ಜಾಗದಲ್ಲಿ ಸಡಿಲು. ಬಂಗಾರ ತಿನ್ನುವ ದ್ರಾವಣದಲ್ಲಿ ಅದ್ದಿದರೆ ಗಟ್ಟಿ ಪದರದ ಕೆಳಗಿನ ಬಂಗಾರ ಉಳಿಯುತ್ತದೆ, ಉಳಿದದ್ದು ಕರಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರಂಗೋಲಿಯನ್ನು ಹೀಗೆ ಬಿಡಿಸಬಹುದು. ಸರಪಳಿಯ ಪದರದಲ್ಲಿ ಇದೇ ರಂಗೋಲಿ ತಿರುವುಮುರುವಾಗಿ ಬೀಳುತ್ತದೆ.

2005ರಲ್ಲಿ ಕಟ್ಟಿಕೊಂಡ ಪದರವನ್ನು ಲೋಹದಿಂದ ಬಿಡಿಸಿ, ಬಿಡಿಯಾಗಿ ನಿಲ್ಲುವ ಹಾಳೆ ಮಾಡಿದರು. ದಪ್ಪ ಸುಮಾರು ಒಂದು ನ್ಯಾನೋಮೀಟರು. ತಲೆಗೂದಲು ಇದರ ಐವತ್ತು ಸಾವಿರದಿಂದ ಒಂದು ಲಕ್ಷ ಪಟ್ಟು ದಪ್ಪ. ಮೂರು ಬಳೆಯ ಅಣುಗಳಿಂದ ಮಾಡಿದ ಇಂಥ ಹಾಳೆಯಲ್ಲಿ ನೀರು ಬಹಳ ವೇಗದಿಂದ ದಾಟುತ್ತದೆಂದು ಜರ್ಮನಿಯ ಬೀಲೆಫೆಲ್ಡಿನವರು 2018ರಲ್ಲಿ ವರದಿ ಮಾಡಿದರು. ಉಪ್ಪಿನ ಅಯಾನುಗಳನ್ನು ಅದು ತಡೆಯುತ್ತದೆಂದು 2020ರಲ್ಲಿ ಬರೆದರು. ಒಂದು ಚದರ ಮೀಟರಿನಲ್ಲಿ ಲಕ್ಷ ಕೋಟಿಯ ಹತ್ತು ಲಕ್ಷ ಪಟ್ಟು ರಂಧ್ರಗಳು, ಒಂದೊಂದೂ ಒಂದು ನ್ಯಾನೋಮೀಟರಿಗಿಂತ ಕಿರಿದು.

ಇದಿಷ್ಟನ್ನೂ ಆ ಹುಡುಗ ಊರಿಗೆ ಹೋಗಿ ಅವ್ವನಿಗೆ ಹೇಳಿದನಂತೆ, ಅರಿಷಿಣದ ಕಲೆಯಿಂದ ಹಿಡಿದು ಕಬ್ಬಿನವರೆಗೆ. ಆಕೆಯ ತವರು ಕೃಷ್ಣೆಯ ದಂಡೆ. ಅಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಅಣ್ಣತಮ್ಮಂದಿರ ಹೊಲ ಸವಳಾಗಿದೆ. ಮರಾಠಿಯಲ್ಲಿ ಚೋಪಣ ಅನ್ನುತ್ತೇವಲ್ಲ, ಅದೇ. ಬಾವಿಯ ನೀರೂ ಉಪ್ಪು. ಎಲ್ಲ ಕೇಳಿ ಆಕೆ ಒಂದೇ ಮಾತು ಕೇಳಿದಳಂತೆ: "ಹಂಗಾದ್ರ ನಿಮ್ಮ ಸೋದರಮಾವನ ಬಾವಿ ನೀರು ಸಿಹಿ ಆಗ್ತೈತೇನೋ?"

ಆತ ಉತ್ತರ ಕೊಡದೆ ನನ್ನ ಕಡೆ ಬಂದ. ನಾನು ಹೇಳಿದ್ದು ಇದು: ಸದ್ಯ ಇಲ್ಲಪ್ಪಾ. ಪ್ರಯೋಗಶಾಲೆಯಲ್ಲಿ ಅಳೆದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕಿನ ಮೇಲೆ. ಬಂಗಾರದ ತಗಡು, ಗಾಳಿ ತೆಗೆದ ಪಾತ್ರೆ, ಇಲೆಕ್ಟ್ರಾನಿನ ಬಂದೂಕು, ಇಷ್ಟೆಲ್ಲ ಕೂಡಿಸಿ ಬಾವಿಯ ಗಾತ್ರಕ್ಕೆ ಹಾಳೆ ಮಾಡುವುದು ದೂರದ ಮಾತು. ಪೇಟೆಯಲ್ಲಿ ಡಬ್ಬಿಯ ಮೇಲೆ "ನ್ಯಾನೋ" ಎಂದು ಅಚ್ಚು ಹಾಕಿ ಮಾರುವವರು ಇದನ್ನೇ ಮಾರುತ್ತಿದ್ದಾರೆಂದು ತಿಳಿಯಬೇಡಿರಿ. ಸವಳು ಹೊಲಕ್ಕೆ ಮೊದಲು ಬೇಕಾದದ್ದು ನೀರು ಬಸಿದುಹೋಗುವ ಕಾಲುವೆ, ಮತ್ತು ನೀರು ಹಾಯಿಸುವಲ್ಲಿ ಹಿಡಿತ. ಅವ್ವನಿಗೆ ಹೀಗೇ ಹೇಳು, ಕನ್ನಡದಲ್ಲೇ ಹೇಳು ಎಂದೆ.

ಸೆಮಿನಾರು ಮುಂದಿನ ವಾರ ಇದೆಯಂತೆ. ಅಲ್ಲಿ ಅರಿಷಿಣದ ಕಲೆಯ ಮಾತು ಹೇಳಲೋ ಬೇಡವೋ ಎಂದು ಹುಡುಗ ಇನ್ನೂ ಯೋಚನೆಯಲ್ಲಿದ್ದಾನೆ.