ಆಟದ ಕಂಪ್ಯೂಟರು: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಜೋಡಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಈ ದಿನ ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ಕೇಳಿ ನಮ್ಮಲ್ಲಿ ಕೆಲವು ಹಿರಿಯರು ಹುಬ್ಬೇರಿಸಬಹುದು. ಆಟಕ್ಕೆಂದು ಕಂಪ್ಯೂಟರ್ ಕೊಳ್ಳುವಾಗ ಅದರ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸರಿಯಾದ ಜೋಡಿ ಹೊಂದಿಸುವುದು ಹೇಗೆ ಎಂಬುದೇ ಆ ವಿಷಯ. ಮಕ್ಕಳ ಆಟದ ಮಾತಿಗೆ ರೇಡಿಯೋದಲ್ಲಿ ಹತ್ತು-ಹದಿನೈದು ನಿಮಿಷ ಬೇಕೇ ಎಂದು ನೀವು ಕೇಳಬಹುದು. ಆದರೆ ಇಂದು ಚೆನ್ನೈಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಟಿ.ವಿ., ಫ್ರಿಜ್ಜುಗಳಿಗಿಂತ ದುಬಾರಿಯಾದ ವಸ್ತು ಮಗನ ಅಥವಾ ಮಗಳ ಮೇಜಿನ ಕೆಳಗಿರುವ ಆ ಪೆಟ್ಟಿಗೆಯೇ ಆಗಿದೆ. ಅದನ್ನು ಕೊಳ್ಳುವಾಗ ಮಾಡುವ ತಪ್ಪೂ ಅಷ್ಟೇ ದುಬಾರಿ.

ಇನ್ನೊಂದು ಮಾತು. ಇವು ಬರೀ ಹೊತ್ತು ಕಳೆಯುವ ಆಟಗಳಾಗಿ ಉಳಿದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಗುರುತಿಸಿ, ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಸ್ಪರ್ಧೆಯಾಗಿತ್ತು. ಭಾರತದ ಆಟಗಾರರೂ ಅಲ್ಲಿ ಆಡಿದರು. 2025ರ ಆನ್‌ಲೈನ್ ಆಟಗಳ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸನ್ನು ಮಾತ್ರ ಅವುಗಳಿಂದ ಬೇರೆಯಾಗಿಟ್ಟು ಮಾನ್ಯ ಮಾಡಿತು. ಇಂಥ ಪಂದ್ಯಾವಳಿಗಳನ್ನು ನಡೆಸುವ ಸ್ಕೈಇಸ್ಪೋರ್ಟ್ಸ್ ಎಂಬ ಸಂಸ್ಥೆಯ ನೆಲೆ ನಮ್ಮ ಈ ಚೆನ್ನೈಯೇ. ಆದ್ದರಿಂದ ಮಕ್ಕಳು "ಪ್ರಾಕ್ಟೀಸ್ ಇದೆ" ಎಂದಾಗ ನಕ್ಕು ಸುಮ್ಮನಾಗುವ ಕಾಲ ಹೋಯಿತು.

ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ಕಾಲೇಜಿನ ವ್ಯಾಲೊರಂಟ್ ತಂಡದಲ್ಲಿ ಆಡುತ್ತಿದ್ದ. ಇದು ಐದು ಜನರಿಗೆದುರಾಗಿ ಐದು ಜನ ಆಡುವ, 2020ರಲ್ಲಿ ಬಂದ ಗುರಿಯಾಟ. ಅವನ ಬಳಿ ಇದ್ದದ್ದು 2017ರ ಕಾಲದ ಇಂಟೆಲ್ ಐ5-7400 ಪ್ರೊಸೆಸರ್, ಜಿಟಿಎಕ್ಸ್ 1050 ಟಿಐ ಕಾರ್ಡು, 8 ಜಿಬಿಯ ಒಂದೇ ಒಂದು ರ್‍ಯಾಮ್. ದೀಪಾವಳಿಗೆ ಭಾವ ಕೊಡಿಸಿದ್ದ 144 ಹರ್ಟ್ಸ್ ಮಾನಿಟರ್ ಬೇರೆ. ಎದುರಾಳಿ ತಂಡ ಒಮ್ಮೆಗೇ ನುಗ್ಗಿ ಬಂದಾಗ ಚಿತ್ರ ತಡವರಿಸುತ್ತದೆ, ಅದೇ ಗಳಿಗೆಯಲ್ಲಿ ನಾನು ಸಾಯುತ್ತೇನೆ ಎಂಬುದು ಅವನ ದೂರು. ಅಕ್ಕ ಚೀಟಿ ಎತ್ತಿದ ಹಣ ಕೊಟ್ಟಳು. ತಾಯಿ ಮಗ ಇಬ್ಬರೂ ರಿಚ್ಚಿ ಸ್ಟ್ರೀಟಿಗೆ ಹೋದರು.

ಅಣ್ಣಾ ಸಾಲೈಯಿಂದ ಒಳಗೆ ತಿರುಗಿದರೆ ಸಿಗುವ ಈ ಬೀದಿ ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಚೆನ್ನೈಗೆ ಇದು ಹಾಗೆ. ಅಲ್ಲಿನ ಒಂದು ಅಂಗಡಿಯವರು, "ಆಟಕ್ಕೆ ಗ್ರಾಫಿಕ್ಸ್ ಕಾರ್ಡೇ ಎಲ್ಲ, ಅದೊಂದು ಬದಲಾಯಿಸಿದರೆ ಸಾಕು" ಎಂದರಂತೆ. ಆರ್‌ಟಿಎಕ್ಸ್ 4060 ಕಾರ್ಡು ಮನೆಗೆ ಬಂತು. ಎರಡು ದಿನ ಕಳೆದು ಹುಡುಗ ನನಗೆ ಫೋನ್ ಮಾಡಿದ. "ಮಾವ, ಕಾರ್ಡ್ ಏನೋ ಬಂತು. ಆದ್ರೆ ಆಟ ಮೊದಲು ಹೇಗಿತ್ತೋ ಹಾಗೇ ಇದೆ. ಅಮ್ಮನಿಗೆ ಹೇಗೆ ಹೇಳಲಿ?" ಎಂದ. ಗದ್ದಲದ ಹೊತ್ತಿನಲ್ಲಿ ಮೊದಲು ಸೆಕೆಂಡಿಗೆ 90 ಫ್ರೇಮು ಬರುತ್ತಿತ್ತು. ಹೊಸ ಕಾರ್ಡು ಹಾಕಿದ ಮೇಲೂ 90.

ಇದು ಏಕೆ ಹೀಗಾಯಿತು? ಇದನ್ನು ತಿಳಿಯಲು ನಾವು ಒಂದು ಉಡುಪಿ ಹೋಟೆಲಿನ ಒಳಗೆ ಹೋಗೋಣ. ಕೆ. ಕೃಷ್ಣರಾಯರು 1938ರಲ್ಲಿ ಇದೇ ಊರಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದಾಗಿನಿಂದ ಮದರಾಸಿಗೆ ಈ ದೃಶ್ಯ ಹೊಸದಲ್ಲ. ಹೊರಗೆ ಒಬ್ಬ ಟೇಬಲ್ಲುಗಳ ನಡುವೆ ಓಡಾಡಿ, ಯಾರಿಗೆ ಏನು ಬೇಕೆಂದು ಕೇಳಿ, ಚೀಟಿ ಬರೆದು ಒಳಗೆ ಕಳಿಸುತ್ತಾನೆ. ಒಳಗೆ ಇನ್ನೊಬ್ಬ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುತ್ತಾನೆ. ಕಂಪ್ಯೂಟರಿನಲ್ಲಿ ಚೀಟಿ ಬರೆಯುವವನು ಪ್ರೊಸೆಸರ್. ಯಾವ ಆಟಗಾರ ಎಲ್ಲಿದ್ದಾನೆ, ಯಾರ ಗುಂಡು ಯಾರಿಗೆ ತಾಗಿತು, ನಿಮ್ಮ ಮೌಸ್ ಎತ್ತ ತಿರುಗಿತು, ಸರ್ವರಿನಿಂದ ಏನು ಸುದ್ದಿ ಬಂತು, ಇವೆಲ್ಲ ಲೆಕ್ಕ ಹಾಕಿ "ಇಂಥ ಚಿತ್ರ ಬಿಡಿಸು" ಎಂದು ಅಪ್ಪಣೆ ಕೊಡುವುದು ಅದೇ. ಕಾವಲಿಯ ಮುಂದೆ ನಿಂತವನು ಗ್ರಾಫಿಕ್ಸ್ ಕಾರ್ಡು. ಅಪ್ಪಣೆಯಂತೆ ಚಿತ್ರದ ಒಂದೊಂದು ಚುಕ್ಕೆಗೂ ಬಣ್ಣ ತುಂಬುವುದು ಅದರ ಕೆಲಸ. ಹೀಗೆ ತಯಾರಾದ ಒಂದೊಂದು ಚಿತ್ರವನ್ನೇ ಫ್ರೇಮು ಎನ್ನುತ್ತೇವೆ.

ಈಗ ನೀವೇ ಹೇಳಿ. ಚೀಟಿ ನಿಧಾನವಾಗಿ ಬರುತ್ತಿರುವಾಗ ಕಾವಲಿಯನ್ನು ಎರಡರಷ್ಟು ದೊಡ್ಡದು ಮಾಡಿದರೆ ಗಿರಾಕಿಗೆ ದೋಸೆ ಬೇಗ ಬಂದೀತೇ? ಕಾವಲಿ ಬರಿದೇ ಕಾಯುತ್ತಿರುತ್ತದೆ, ಅಷ್ಟೇ. ಇದೇ ಲೆಕ್ಕವನ್ನು ಅಂಕಿಯಲ್ಲಿ ನೋಡೋಣ. ಪ್ರೊಸೆಸರಿಗೆ ಒಂದು ಫ್ರೇಮಿನ ಲೆಕ್ಕಕ್ಕೆ 10 ಮಿಲಿಸೆಕೆಂಡು ಬೇಕು, ಕಾರ್ಡಿಗೆ ಬಿಡಿಸಲು 4 ಮಿಲಿಸೆಕೆಂಡು ಸಾಕು ಎನ್ನೋಣ. ಇಬ್ಬರೂ ಏಕಕಾಲಕ್ಕೆ ಕೆಲಸ ಮಾಡುವುದರಿಂದ ನಿಧಾನದವನದೇ ಕೊನೆಯ ಮಾತು. ಸೆಕೆಂಡಿಗೆ ಹೆಚ್ಚೆಂದರೆ 100 ಫ್ರೇಮು. ಹಣ ಸುರಿದು 2 ಮಿಲಿಸೆಕೆಂಡಿನ ಕಾರ್ಡು ತಂದರೂ 100ಕ್ಕೆ ಒಂದೂ ಹೆಚ್ಚಾಗದು. ಅದೇ ಪ್ರೊಸೆಸರನ್ನು 5 ಮಿಲಿಸೆಕೆಂಡಿನದಕ್ಕೆ ಬದಲಿಸಿದರೆ ಹಳೆಯ ಕಾರ್ಡಿನಲ್ಲೇ 200 ಬರುತ್ತದೆ.

ಹಾಗಾದರೆ "ಕಾರ್ಡೇ ಎಲ್ಲ" ಎಂಬ ಮಾತು ಪೂರ್ತಿ ಸುಳ್ಳೇ? ಅಲ್ಲ. ಅದು ಯಾವ ಆಟ, ಎಷ್ಟು ದೊಡ್ಡ ಚಿತ್ರ ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಚುಕ್ಕೆಗಳಿವೆ. 4ಕೆ ಪರದೆಯಲ್ಲಿ ಅದರ ನಾಲ್ಕರಷ್ಟು, ಸುಮಾರು 83 ಲಕ್ಷ. ದೋಸೆ ದೊಡ್ಡದಾದರೆ ಕಾವಲಿಯ ಮೇಲೆ ಹೊತ್ತು ಹೆಚ್ಚು ಬೇಕು; ಆದರೆ ಚೀಟಿಯಲ್ಲಿ ಬರೆಯುವುದು ಅದೇ ಒಂದು ಸಾಲು. ಅಂದರೆ ಚಿತ್ರ ದೊಡ್ಡದಾದಷ್ಟೂ ಭಾರ ಕಾರ್ಡಿನ ಮೇಲೆ ಬೀಳುತ್ತದೆ. ಪ್ರೊಸೆಸರಿನ ಕೆಲಸ ಬಹುಮಟ್ಟಿಗೆ ಅಷ್ಟೇ ಇರುತ್ತದೆ. 2020ರ ಸೈಬರ್‌ಪಂಕ್ 2077ರಂಥ ಕಥೆಯ ಆಟಗಳನ್ನು ಕಣ್ತುಂಬ ನೋಡುತ್ತ ಆಡುವವರಿಗೆ ಒಳ್ಳೆಯ ಕಾರ್ಡೇ ಮುಖ್ಯ.

ಸ್ಪರ್ಧೆಗೆ ಆಡುವವರ ರೀತಿಯೇ ಬೇರೆ. ಅವರು ನೆರಳು, ಹೊಗೆ, ಹೊಳಪುಗಳನ್ನೆಲ್ಲ ಇಳಿಸಿ ಫುಲ್ ಎಚ್‌ಡಿಯಲ್ಲೇ ಆಡುತ್ತಾರೆ. ಕೌಂಟರ್-ಸ್ಟ್ರೈಕ್ ಆಡುವ ಅನೇಕರು 1280ಕ್ಕೆ 960ರಷ್ಟು ಸಣ್ಣ ಚಿತ್ರಕ್ಕೂ ಇಳಿಯುತ್ತಾರೆ. ಅವರಿಗೆ ಬೇಕಾದದ್ದು ಅಂದವಲ್ಲ, ವೇಗ. ಸಣ್ಣ ದೋಸೆ, ಸಾವಿರ ಚೀಟಿ! ಹಾಗಾಗಿ ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಅದರಲ್ಲೂ ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮತ್ತು ಪ್ರೊಸೆಸರಿನ ಒಳಗೇ ಇರುವ ಕ್ಯಾಶ್ ಎಂಬ ನೆನಪಿನ ಗಾತ್ರ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ. 2022ರಲ್ಲಿ ಎಎಂಡಿ ಕಂಪನಿ 96 ಎಂಬಿ ಕ್ಯಾಶ್ ಹೊತ್ತ ರೈಜನ್ 7 5800ಎಕ್ಸ್3ಡಿ ಪ್ರೊಸೆಸರನ್ನು ತಂದಾಗ ಆಟಗಾರರು ಅದಕ್ಕೆ ಮುಗಿಬಿದ್ದದ್ದು ಇದೇ ಕಾರಣಕ್ಕೆ. ಆದರೆ ಎಲ್ಲರಿಗೂ ಅಂಥದೇ ಬೇಕೆಂದಿಲ್ಲ.

ಇನ್ನು ಮಾನಿಟರ್. 60 ಹರ್ಟ್ಸ್ ಮಾನಿಟರ್ ಹೊಸ ಚಿತ್ರ ತೋರಿಸುವುದು 16.7 ಮಿಲಿಸೆಕೆಂಡಿಗೊಮ್ಮೆ. 144 ಹರ್ಟ್ಸಿನದು 6.9ಕ್ಕೊಮ್ಮೆ, 240ರದು 4.2ಕ್ಕೊಮ್ಮೆ. ಗೋಡೆಯ ಮರೆಯಿಂದ ಎದುರಾಳಿಯ ಭುಜ ಇಣುಕಿದ್ದು ಯಾರ ಕಣ್ಣಿಗೆ ಮೊದಲು ಬಿತ್ತೋ ಅವನ ಗುಂಡು ಮೊದಲು ಹಾರುತ್ತದೆ. ಆದ್ದರಿಂದ ಮೊದಲು ಮಾನಿಟರ್ ಎಷ್ಟರದು ನೋಡಿ. ಆ ಸಂಖ್ಯೆಗಿಂತ ಸ್ವಲ್ಪ ಹೆಚ್ಚು ಫ್ರೇಮು, ಗದ್ದಲದ ಹೊತ್ತಿನಲ್ಲೂ ಬಿಡದೆ ಬರುವಂತೆ ಪ್ರೊಸೆಸರ್ ಆರಿಸಿ. ಅಷ್ಟು ಫ್ರೇಮನ್ನು ನಿಮ್ಮ ಆಟದಲ್ಲಿ ಬಿಡಿಸಬಲ್ಲ ಕಾರ್ಡನ್ನು ಆಮೇಲೆ ಆರಿಸಿ. ಸರಾಸರಿ ಫ್ರೇಮುಗಳ ಲೆಕ್ಕ ನೋಡಿ ಮೋಸಹೋಗಬೇಡಿ. ಇಡೀ ಪಂದ್ಯದಲ್ಲಿ ಸರಾಸರಿ 180 ಇದ್ದು, ಹೊಡೆದಾಟದ ಎರಡು ಸೆಕೆಂಡಿನಲ್ಲಿ 80ಕ್ಕೆ ಬಿದ್ದರೆ ಆ ಸರಾಸರಿಯಿಂದ ಏನು ಪ್ರಯೋಜನ?

ಕಾರ್ಡು ತೀರ ದುರ್ಬಲವಾಗಿ ನೂರಕ್ಕೆ ನೂರು ದುಡಿಯುತ್ತಿದ್ದರೂ ತೊಂದರೆಯೇ. ಆಗ ಪ್ರೊಸೆಸರ್ ಬರೆದ ಚೀಟಿಗಳು ಸರತಿಯಲ್ಲಿ ಕಾಯುತ್ತವೆ. ನೀವು ಮೌಸ್ ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ತಡವಾಗುತ್ತದೆ. ಈ ಸರತಿಯನ್ನು ಕಡಿಮೆ ಮಾಡಲೆಂದೇ 2020ರಲ್ಲಿ ಎನ್‌ವಿಡಿಯಾ ಕಂಪನಿ ರಿಫ್ಲೆಕ್ಸ್ ಎಂಬ ಏರ್ಪಾಟು ತಂದಿತು. ನಿಮ್ಮ ಆಟದಲ್ಲಿ ಅದಿದ್ದರೆ ಆನ್ ಮಾಡಿಕೊಳ್ಳಿ, ಖರ್ಚಿಲ್ಲ.

ಈಗ ನಿಮ್ಮ ಮನೆಯ ಯಂತ್ರದಲ್ಲಿ ಹಿಂದೆ ಬಿದ್ದಿರುವುದು ಯಾವುದು ಎಂದು ಕಂಡುಹಿಡಿಯುವ ಬಗೆ ಹೇಳುತ್ತೇನೆ. ಇದಕ್ಕೆ ಒಂದು ರೂಪಾಯಿಯೂ ಬೇಡ. ಆಟದ ಸೆಟ್ಟಿಂಗ್ಸಿನಲ್ಲಿ ವಿ-ಸಿಂಕ್ ಮತ್ತು ಫ್ರೇಮಿನ ಮಿತಿ ಇದ್ದರೆ ಅವೆರಡನ್ನೂ ತೆಗೆಯಿರಿ. ಗದ್ದಲದ ಜಾಗದಲ್ಲಿ ಎಷ್ಟು ಫ್ರೇಮು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬಳಿಕ ಚಿತ್ರದ ಅಳತೆಯನ್ನು 1280ಕ್ಕೆ 720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಫ್ರೇಮು ಚೆನ್ನಾಗಿ ಏರಿದರೆ ತಡೆ ಕಾರ್ಡಿನದು. ಏರದಿದ್ದರೆ ತಡೆ ಪ್ರೊಸೆಸರಿನದು ಅಥವಾ ರ್‍ಯಾಮಿನದು. ಇಲ್ಲಿ ಒಂದು ಎಚ್ಚರಿಕೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಬಳಕೆ ಶೇ. 40 ಎಂದಿದ್ದರೆ ಅದು ಆರಾಮವಾಗಿದೆ ಎಂದು ತಿಳಿಯಬೇಡಿ. ಆರು ಕೋರುಗಳಲ್ಲಿ ಒಂದು ಏದುಸಿರು ಬಿಡುತ್ತ, ಉಳಿದವು ಸುಮ್ಮನೆ ಕುಳಿತಿದ್ದರೂ ಒಟ್ಟು ಲೆಕ್ಕ ಕಡಿಮೆಯೇ ಕಾಣುತ್ತದೆ. ಎರಡು ಹೆಸರು ಕೊಟ್ಟರೆ "ಇಷ್ಟು ಶೇಕಡಾ ಹೊಂದಾಣಿಕೆ" ಎಂದು ಹೇಳುವ ಲೆಕ್ಕಗಳನ್ನೂ ನಂಬಬೇಡಿ. ಆಟ ಯಾವುದು, ಚಿತ್ರದ ಅಳತೆ ಎಷ್ಟು ಎಂದು ಕೇಳದೆ ಹೇಳುವ ಶೇಕಡಾವಾರಿಗೆ ಬೆಲೆಯಿಲ್ಲ.

ರ್‍ಯಾಮ್ ಒಂದೇ ಇದ್ದರೆ ಪ್ರೊಸೆಸರಿನ ಒಂದು ದಾರಿ ಮುಚ್ಚಿದಂತೆ. ಒಂದೇ ಅಳತೆಯ ಎರಡು ಹಾಕಿ. ಹೊಸ ರ್‍ಯಾಮ್ ಆದರೆ ಬಯಾಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡದಿದ್ದರೆ ಪೆಟ್ಟಿಗೆಯ ಮೇಲೆ ಬರೆದ ವೇಗ ಸಿಗುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಬಹಳ ಏರಿತು. ಹಳೆಯದು ನಡೆಯುವ ಬೋರ್ಡು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ನಮ್ಮ ಊರಿಗೆ ಇನ್ನೊಂದು ಕಷ್ಟವಿದೆ, ಸೆಕೆ. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಹೊರಗೆ 40 ಡಿಗ್ರಿ ಇರುವಾಗ, ಗಾಳಿಯಾಡದ ಮೂಲೆಯಲ್ಲಿ ಗೋಡೆಗೆ ಒತ್ತಿಟ್ಟ ಪೆಟ್ಟಿಗೆಯೊಳಗೆ ಪ್ರೊಸೆಸರಾಗಲಿ ಕಾರ್ಡಾಗಲಿ ತೀರ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಆಟ ಮಧ್ಯಾಹ್ನ ಕೆಟ್ಟರೆ ಹೊಸ ಕಾರ್ಡು ಕೊಳ್ಳುವ ಮೊದಲು ಫ್ಯಾನಿನ ಧೂಳು ತೆಗೆಯಿರಿ.

ಅಕ್ಕನ ಮನೆಗೆ ಹಿಂತಿರುಗೋಣ. ಒಂದು ಭಾನುವಾರ ನಾನು ಹೋಗಿ ಇದೇ ಪರೀಕ್ಷೆ ಮಾಡಿದೆ. ಚಿತ್ರ ಇಳಿಸಿದರೂ 90, ಏರಿಸಿದರೂ 90. ಹೊಸ ಕಾರ್ಡು ತನ್ನ ಶಕ್ತಿಯ ಮೂರನೆಯ ಒಂದು ಭಾಗವನ್ನೂ ಬಳಸುತ್ತಿರಲಿಲ್ಲ. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಎರಡನೆಯ ರ್‍ಯಾಮ್ ಹಾಕಿ ಸ್ವಲ್ಪ ಸುಧಾರಿಸಿದೆವು. ಆದರೆ ಆ ವರ್ಷದ ಪಂದ್ಯಾವಳಿಗೆ ತಂಡ ಆರಿಸುವಾಗ ಹುಡುಗನನ್ನು ಹೊರಗಿಟ್ಟರು. "ನಿನ್ನ ಕೈ ನಿಧಾನ" ಎಂದರಂತೆ. ಕೈ ನಿಧಾನವಾಗಿರಲಿಲ್ಲ.

ಮುಂದಿನ ವರ್ಷ ರೈಜನ್ 5 5600 ಪ್ರೊಸೆಸರ್ ಮತ್ತು ಬೋರ್ಡು ಕೊಂಡೆವು. ಹಳೆಯ ರ್‍ಯಾಮುಗಳೇ ನಡೆದವು. ಕಾರ್ಡಿಗೆ ಕೊಟ್ಟದ್ದಕ್ಕಿಂತ ಕಡಿಮೆ ಹಣವೇ ಆಯಿತು. ಗದ್ದಲದಲ್ಲೂ 144ರ ಕೆಳಗೆ ಇಳಿಯಲಿಲ್ಲ. ನನಗೆ ಕುತೂಹಲ ತಡೆಯದೆ ಪಕ್ಕಕ್ಕಿಟ್ಟಿದ್ದ ಹಳೆಯ ಕಾರ್ಡನ್ನೇ ಹಾಕಿ ನೋಡಿದೆ. ಅದರಲ್ಲೂ ಅವನ ಮಾನಿಟರಿಗೆ ಸಾಲುವಷ್ಟು ಫ್ರೇಮು ಬಂತು! ಅಕ್ಕ ಪಕ್ಕದಲ್ಲೇ ನಿಂತಿದ್ದಳು. "ಹಾಗಾದ್ರೆ ಆ ಚೀಟಿ ದುಡ್ಡು?" ಎಂದಳು. ನಾನಾಗಲಿ ಹುಡುಗನಾಗಲಿ ಉತ್ತರ ಹೇಳಲಿಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಅಂಗಡಿಗೆ ಹೊರಡುವ ಮುನ್ನ ಮಕ್ಕಳನ್ನು ಮೂರು ಪ್ರಶ್ನೆ ಕೇಳಿ. ಯಾವ ಆಟ ಆಡುತ್ತೀಯಾ? ಮಾನಿಟರ್ ಎಷ್ಟು ಹರ್ಟ್ಸಿನದು? ಚಿತ್ರ ಇಳಿಸಿದಾಗ ಫ್ರೇಮು ಏರಿತೇ? ಮೂರಕ್ಕೂ ಉತ್ತರ ಬರೆದ ಕಾಗದ ಕೈಯಲ್ಲಿರಲಿ, ಕೊಂಡ ಮೇಲೆ ಬಿಲ್ಲೂ ಇರಲಿ. ಮಕ್ಕಳೇ, ನಿಮಗೂ ಒಂದು ಮಾತು. ಅಳೆದು ನೋಡದೆ ಅಮ್ಮನ ಚೀಟಿ ದುಡ್ಡಿಗೆ ಕೈ ಹಾಕಬೇಡಿ.