ಪೆಟ್ರೋಲ್ ಬೆಲೆ: ಹೊರಗೆ ಹೋಗುವ ಹಣ, ಒಳಗೇ ಉಳಿಯುವ ಹಣ

(ಸಾರ್ವಜನಿಕ ಉಪನ್ಯಾಸದ ಲಿಖಿತ ರೂಪ)



ಪೆಟ್ರೋಲ್ ಬೆಲೆ ಏರಿದಾಗಲೆಲ್ಲ 'ನನಗೇನು, ನನ್ನ ಬಳಿ ವಾಹನವೇ ಇಲ್ಲವಲ್ಲ' ಎನ್ನುವವರನ್ನು ನಾವು ಕಾಣುತ್ತೇವೆ. ಇದೊಂದು ತಪ್ಪು ಲೆಕ್ಕಾಚಾರ. ಘಟ್ಟದ ಮೇಲಿನಿಂದ ಕರಾವಳಿಗೆ ತರಕಾರಿ ಬರುವುದು ಡೀಸೆಲ್ ಲಾರಿಯಲ್ಲಿ. ಅಕ್ಕಿ, ಸಿಮೆಂಟು, ಔಷಧಿಗಳೂ ಹಾಗೆಯೇ. ವಾಹನ ಉಳ್ಳವನು ಬೆಲೆಯೇರಿಕೆಯನ್ನು ಬಂಕಿನಲ್ಲಿ ಕಣ್ಣಾರೆ ಕಂಡು ತೆರುತ್ತಾನೆ. ಇಲ್ಲದವನು ಅದನ್ನೇ ದಿನಸಿ ಅಂಗಡಿಯಲ್ಲಿ, ತನಗರಿವಿಲ್ಲದೆಯೇ ತೆರುತ್ತಾನೆ.

ಈ ಹೊರೆ ಎಲ್ಲರ ಹೆಗಲ ಮೇಲೂ ಒಂದೇ ತೆರನಾಗಿ ಕೂರುವುದಿಲ್ಲ. ಲಾರಿ ಮಾಲಕ ಅದನ್ನು ಬಾಡಿಗೆಗೆ ಸೇರಿಸುತ್ತಾನೆ, ವ್ಯಾಪಾರಿ ಸರಕಿನ ಬೆಲೆಗೆ ಸೇರಿಸುತ್ತಾನೆ. ಸರಕಾರಿ ನೌಕರನಿಗೆ ತುಟ್ಟಿಭತ್ತೆ ಇದೆ. ಆದರೆ ರಿಕ್ಷಾ ಚಾಲಕನೇನು ಮಾಡಬೇಕು? 2017ರ ಜೂನ್ 16ರಿಂದ ತೈಲ ಕಂಪೆನಿಗಳಿಗೆ ದಿನದಿನವೂ ದರ ಬದಲಿಸುವ ವ್ಯವಸ್ಥೆ ದೇಶದಾದ್ಯಂತ ಜಾರಿಗೆ ಬಂತು. ರಿಕ್ಷಾ ದರವನ್ನಾದರೋ ಅಧಿಕಾರಿಗಳು ನಿಗದಿಪಡಿಸಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗಿನ ವ್ಯತ್ಯಾಸವನ್ನು ಅವನು ತನ್ನ ಮಕ್ಕಳ ಊಟದಿಂದಲೋ ಶಾಲಾ ಶುಲ್ಕದಿಂದಲೋ ತುಂಬಬೇಕಾಗುತ್ತದೆ. ಬೀಡಿ ಕಟ್ಟುವ, ಮನೆಯಲ್ಲಿ ಹೊಲಿಗೆ ಮಾಡುವ ಸಹೋದರಿಯರ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ.

ಇನ್ನು ದೇಶದ ಅರ್ಥವ್ಯವಸ್ಥೆಯ ವಿಚಾರ. ಬೆಲೆಯೇರಿಕೆಯಲ್ಲಿ ಎರಡು ಬಗೆಯಿದೆ. ಇವೆರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಇಷ್ಟೊಂದು ಗೊಂದಲ.

ಮೊದಲನೆಯದು ಕಚ್ಚಾ ತೈಲದ ಬೆಲೆಯೇ ಏರುವುದು. ಭಾರತವು ತನಗೆ ಬೇಕಾದ ಕಚ್ಚಾ ತೈಲದ ಶೇ. 85ಕ್ಕೂ ಹೆಚ್ಚು ಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. 2020-21ರಲ್ಲಿ ಇದಕ್ಕೆ ತೆತ್ತದ್ದು ಸುಮಾರು 62 ಶತಕೋಟಿ ಡಾಲರ್. ರಷ್ಯ-ಉಕ್ರೇನ್ ಯುದ್ಧದ ಬಳಿಕ, 2022-23ರಲ್ಲಿ ಅದು 150 ಶತಕೋಟಿಯನ್ನು ದಾಟಿತು. ಈ ಹಣ ದೇಶದಿಂದ ಹೊರಗೆ ಹೋಗುತ್ತದೆ. ಡಾಲರಿಗೆ ಬೇಡಿಕೆ ಹೆಚ್ಚಿ ರೂಪಾಯಿ ಕುಸಿಯುತ್ತದೆ. ರೂಪಾಯಿ ಕುಸಿದಂತೆ ಅದೇ ತೈಲ ಮತ್ತಷ್ಟು ದುಬಾರಿಯಾಗುತ್ತದೆ. ಹಣದುಬ್ಬರವನ್ನು ಹತ್ತಿಕ್ಕಲು ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇ. 4ರಿಂದ 6.5ಕ್ಕೇರಿತು. ಹೀಗೆ ಬಂಕಿನಲ್ಲಿ ಆರಂಭವಾದದ್ದು ಮನೆಸಾಲದ ಕಂತಿನವರೆಗೂ ಬಂದು ನಿಲ್ಲುತ್ತದೆ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಆದದ್ದನ್ನು ಹಿರಿಯರು ಮರೆತಿರಲಾರರು. ಒಂದೆಡೆ ತೈಲ ದುಬಾರಿಯಾಯಿತು. ಇನ್ನೊಂದೆಡೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಕೆಲಸ ಬಿಟ್ಟು ಮರಳಿದರು. ಅವರು ಕಳುಹಿಸುತ್ತಿದ್ದ ಹಣವೂ ನಿಂತಿತು. 1991ರಲ್ಲಿ ದೇಶವು ತನ್ನ ಚಿನ್ನವನ್ನೇ ಹೊರದೇಶದ ಬ್ಯಾಂಕುಗಳಲ್ಲಿ ಅಡವಿಡಬೇಕಾಯಿತು. ನಮ್ಮ ಕರಾವಳಿಯ ಮನೆಗಳಿಗೆ ತೈಲವು ಅನ್ನವನ್ನೂ ನೀಡಿದೆ, ಅನ್ನದ ಬೆಲೆಯನ್ನೂ ಏರಿಸಿದೆ ಎಂಬುದು ವಿಚಿತ್ರವಾದರೂ ಸತ್ಯ.

ಎರಡನೆಯ ಬಗೆ ತೆರಿಗೆಯಿಂದ ಆಗುವ ಏರಿಕೆ. ಇಲ್ಲಿ ಹಣ ದೇಶದೊಳಗೇ ಇರುತ್ತದೆ, ಆದರೆ ಮನೆಯಿಂದ ಖಜಾನೆಗೆ ಸ್ಥಳಾಂತರಗೊಳ್ಳುತ್ತದೆ. 2014ರ ಮಧ್ಯದಲ್ಲಿ ನೂರು ಡಾಲರಿಗೂ ಮೇಲಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ ಮೂವತ್ತರ ಕೆಳಗಿಳಿಯಿತು. ಬಂಕಿನಲ್ಲಿಯೂ ಅಷ್ಟೇ ಇಳಿಯಿತೇ? ಇಲ್ಲ. ಆ ಅವಧಿಯಲ್ಲಿ ಕೇಂದ್ರ ಸರಕಾರವು 9 ಬಾರಿ ಅಬಕಾರಿ ಸುಂಕ ಏರಿಸಿತು. ಪೆಟ್ರೋಲಿಗೆ ಲೀಟರಿಗೆ ಒಟ್ಟು 11.77 ರೂಪಾಯಿ, ಡೀಸೆಲಿಗೆ 13.47 ರೂಪಾಯಿ. 2014-15ರಲ್ಲಿ ಸುಮಾರು 99 ಸಾವಿರ ಕೋಟಿಯಿದ್ದ ಸುಂಕದ ಆದಾಯ 2016-17ರಲ್ಲಿ 2 ಲಕ್ಷ 42 ಸಾವಿರ ಕೋಟಿಯಾಯಿತು. 2020ರಲ್ಲಿ ಕೊರೋನಾದಿಂದ ಜನರು ಕೆಲಸ ಕಳೆದುಕೊಂಡು ಕುಳಿತಿದ್ದಾಗಲೂ ಮೇ ತಿಂಗಳಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಸೇರಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಅದನ್ನು ಇಳಿಸಲಾಯಿತೆಂಬುದನ್ನೂ ಹೇಳಬೇಕು.

ಸರಕಾರಕ್ಕೆ ಹಣ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. 2008ರಲ್ಲಿ ಕಚ್ಚಾ ತೈಲ 147 ಡಾಲರಿಗೇರಿದಾಗ ಅಂದಿನ ಸರಕಾರ ದರವನ್ನು ತಡೆಹಿಡಿದು, ನಷ್ಟ ತುಂಬಲು ತೈಲ ಕಂಪೆನಿಗಳಿಗೆ ಬಾಂಡುಗಳನ್ನು ನೀಡಿತು. ಆ ಸಾಲವನ್ನು ಬಡ್ಡಿಸಮೇತ ಮುಂದಿನವರು ತೀರಿಸಬೇಕಾಯಿತು. ಅಗ್ಗದ ಪೆಟ್ರೋಲ್ ಪುಕ್ಕಟೆಯಲ್ಲ. ಪ್ರಶ್ನೆಯಿರುವುದು ತೆರಿಗೆಯನ್ನು ಯಾರಿಂದ ಪಡೆಯಬೇಕೆಂಬುದರಲ್ಲಿ. ಆದಾಯ ತೆರಿಗೆ ಗಳಿಕೆಯನ್ನು ನೋಡುತ್ತದೆ. ಪೆಟ್ರೋಲ್ ಸುಂಕ ಯಾರ ಮುಖವನ್ನೂ ನೋಡುವುದಿಲ್ಲ. ಐಷಾರಾಮಿ ಕಾರಿನ ಒಡೆಯನೂ ಮೀನಿನ ಬುಟ್ಟಿ ಹೊತ್ತ ಸ್ಕೂಟರಿನವನೂ ಲೀಟರಿಗೆ ತೆರುವುದು ಅಷ್ಟೇ.

ರಾಜ್ಯಗಳ ಪಾತ್ರವೂ ಇದೆ. ಕರ್ನಾಟಕವು 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೇರಿಸಿತು, ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಿತು. ರಾಜ್ಯಗಳು ಹೀಗೆ ಮಾಡಲು ಒಂದು ಕಾರಣವನ್ನು ಕೇಂದ್ರದ ಲೆಕ್ಕದಲ್ಲಿಯೇ ಕಾಣಬಹುದು. 2021ರಲ್ಲಿ ಪೆಟ್ರೋಲಿನ ಮೇಲೆ ಕೇಂದ್ರ ಪಡೆಯುತ್ತಿದ್ದ 32.90 ರೂಪಾಯಿಯಲ್ಲಿ ಬಹುಪಾಲು ಸೆಸ್ ಮತ್ತು ವಿಶೇಷ ಸುಂಕ. ಇವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. ಹಂಚಿಕೆಗೆ ಒಳಪಡುತ್ತಿದ್ದ ಮೂಲ ಸುಂಕ ಲೀಟರಿಗೆ 1 ರೂಪಾಯಿ 40 ಪೈಸೆ ಮಾತ್ರ. ಅದರಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ದಕ್ಕುತ್ತಿದ್ದುದು ಶೇ. 41.